ಬಿಸಿಲು ಕುಡಿದದ್ದು, ನೆಲ ಕುಡಿದದ್ದು

ಆಗ ನನಗೆ ಐವತ್ತೆಂಟು. ಇದಕ್ಕೆ ಒಂಬತ್ತು ವರ್ಷವಾಯಿತು. ಇಂಡಿ ತಾಲೂಕಿನಲ್ಲಿ ಝಳಕಿ ಕಡೆಗಿರುವ ನಮ್ಮೂರ ಕೆರೆಗೆ ದಿನಗೂಲಿ ಕಾವಲಿನವಳಾಗಿದ್ದೆ. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅಂಕಿ ಓದುತ್ತೇನೆ, ಅಕ್ಷರ ನಿಧಾನಕ್ಕೆ ಕೂಡಿಸುತ್ತೇನೆ.

ಕಾಲುವೆಯಿಂದ ತುಂಬಿಸುವ ಆ ಕೆರೆಯೇ ಮೂರು ಊರಿನ ನಳಕ್ಕೆ ಆಧಾರ. ಬೇಸಿಗೆ ಮುಗಿಯುವ ಮೊದಲೇ ಬರಿದಾಗುತ್ತಿತ್ತು. ನೀರು ಎಲ್ಲಿಗೆ ಹೋಗುತ್ತದೆಂದು ಅಳೆಯಲು ಬಾಗೇವಾಡಿ ಕಡೆಯ ಒಬ್ಬ ಇಂಜಿನಿಯರ್ ಬಂದರು. ಏರಿಯ ಮೇಲೆ ಪರಾತದಂಥ ದೊಡ್ಡ ತಗಡಿನ ಪಾತ್ರೆ ಇಟ್ಟು ನೀರು ತುಂಬಿಸಿದರು. ಬಿಸಿಲಿಗೆ ಎಷ್ಟು ಆರುತ್ತದೆ ಎಂದು ಅದು ತೋರಿಸುತ್ತದೆ. ಒಟ್ಟು ಎಷ್ಟು ಇಳಿಯಿತು ಎಂದು ಕೆರೆಯೊಳಗೆ ನೆಟ್ಟ ಅಳತೆಪಟ್ಟಿ, ಅಂದರೆ ಗೇಜ್, ತೋರಿಸುತ್ತದೆ. ಒಟ್ಟಿನಲ್ಲಿ ಬಿಸಿಲಿನದ್ದು ಕಳೆದರೆ ಉಳಿಯುವುದು ನೆಲ ಕುಡಿದ ನೀರು, ಅವರ ಮಾತಿನಲ್ಲಿ ಸೀಪೇಜ್. ಅದು ಬಹಳ ಇದ್ದರೆ ಕೆರೆಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸುತ್ತಾರಂತೆ. ಅಳತೆ ಮುಗಿಯುವವರೆಗೆ ನಳದ ಪಂಪು ಬಂದ್, ದನಕರುಗಳೂ ಕೆರೆಗೆ ಇಳಿಯುವಂತಿಲ್ಲ. ಪಾತ್ರೆ ಕಾಯುವುದು ನನ್ನ ಕೆಲಸ.

ಏರಿಯ ಕೆಳಗೆ ನನ್ನ ಮೈದುನನ ಹೆಂಡತಿ ಶಾಂತವ್ವನ ನಿಂಬೆ ತೋಟ. ಅವಳ ಬಾವಿಗೆ ಕೆರೆಯಿಂದ ಬಸಿದ ನೀರೇ ಗತಿ. ಹಾಳೆ ಬಿದ್ದರೆ ಬಾವಿ ಹೋಯಿತು, ಬಾವಿ ಹೋದರೆ ನಿಂಬೆ ಹೋಯಿತು.

ಒಂದು ಮಧ್ಯಾಹ್ನ ಅವಳು ಆಡು ಹೊಡೆದುಕೊಂಡು ಏರಿ ಹತ್ತಿ ಬಂದಳು.

"ಅಕ್ಕಾ, ನೀರಡಿಸ್ಯಾವ. ಪಾತ್ರ್ಯಾಗ ಕುಡೀಲಿ ಬಿಡು."

"ಬಾವಿ ಇಟ್ಕೊಂಡು ಇಲ್ಲಿಗ್ಯಾಕ ಬಂದಿ?"

"ಪಾತ್ರಿ ಎಷ್ಟು ಇಳದ್ರೂ ಬಿಸಲು ಕುಡೀತು ಅಂತಾರ. ನೆಲದ ಪಾಲು ಕಮ್ಮಿ ಆಗ್ತೈತಿ. ಹಾಳಿ ಯಾಕ ಹಾಸ್ತಾರ?"

"ಇದನ್ನ ಯಾರ್ ಕಲಿಸಿದ್ರು ನಿನಗ?"

"ನೀನ. ಮೊನ್ನಿ ರೊಟ್ಟಿ ಬಡಿವಾಗ."

ನಗು ಬಂತು, ನಗಲಿಲ್ಲ. ನೀರಡಿಸಿದ ಪ್ರಾಣಿಯನ್ನು ನೀರಿನ ಮುಂದಿಂದ ಅಟ್ಟಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೋಲು ಬೀಸಿದೆ. ಅಷ್ಟರಲ್ಲಿ ಒಂದು ಆಡು ಬಾಯಿ ಹಾಕಿಬಿಟ್ಟಿತ್ತು.

ಸಂಜೆ ಇಂಜಿನಿಯರ್‌ಗೆ ಹೇಳಿದೆ. ಆ ದಿನದ ಅಳತೆ ಬಿಟ್ಟು ಇನ್ನೊಂದು ದಿನ ಕೂಡಿಸಿದರು. ಹಾಗಾಗಿ ಮತ್ತೂ ಒಂದು ದಿನ ನಳ ಬರಲಿಲ್ಲ. ಕೊಡ ಹಿಡಿದು ನಿಂತ ಹೆಂಗಸರು ನನ್ನನ್ನೇ ಬೈದರು. ಬೈಸಿಕೊಂಡೆ.

ಲೆಕ್ಕ ಮುಗಿಯಿತು. ಬಿಸಿಲಿಗಿಂತ ನೆಲವೇ ಹೆಚ್ಚು ಕುಡಿದಿತ್ತು.

"ನೆಲ ಕುಡದದ್ದು ಶಾಂತವ್ವನ ಬಾವ್ಯಾಗ ಐತ್ರಿ ಸಾಹೇಬ್ರ," ಎಂದೆ.

"ಬಾವಿ ನೋಡೇನಿ ಅವ್ವಾ. ಅದನ್ನೂ ಬರದೇನಿ," ಎಂದರು. "ಆದ್ರ ಮ್ಯಾಲಿನವ್ರು ಅದಕ್ಕ ನಷ್ಟ ಅಂತನ ಅಂತಾರ."

ಶಾಂತವ್ವನಿಗೆ ನಾನೇ ಹೋಗಿ ಹೇಳಿದೆ. ನಿಂಬೆ ಆರಿಸುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ.

"ಮೂರೂರು ಕುಡೀಲಿ. ನೀ ಇನ್ನ ನನ್ನ ಬಾವಿಗೆ ಕೊಡಾ ತರಬ್ಯಾಡ."

ಅಲ್ಲಿ ಸೋರಿದ್ದು ಇಲ್ಲಿ ಯಾರದೋ ಬಾವಿ ತುಂಬಿರುತ್ತದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕಲಿತು ಏನು ಮಾಡಿದೆ ಎಂದರೆ, ಏನೂ ಇಲ್ಲ. ಮುಂದೆ ಹಾಳೆ ಹಾಸಿದರು, ನಳಕ್ಕೆ ಬೇಸಿಗೆಯುದ್ದಕ್ಕೂ ನೀರು ಬಂತು. ತೋಟದಲ್ಲಿ ಅರ್ಧದಷ್ಟು ಗಿಡಗಳು ಉಳಿದವು.

ಕೊಡ ತರಬೇಡವೆಂದು ಶಾಂತವ್ವ ಹೇಳಿದ ಮರುದಿನ ಬೆಳಿಗ್ಗೆ ಮಾತ್ರ ಏರಿ ಹತ್ತಿದ್ದೆ. ಪಾತ್ರೆಯ ನೀರಿಗೆ ಇನ್ನು ಲೆಕ್ಕ ಇರಲಿಲ್ಲ. ಅದನ್ನು ಕೊಡಕ್ಕೆ ತುಂಬಿಕೊಂಡು ಕೆಳಗಿಳಿದು, ಶಾಂತವ್ವನ ಅಂಗಳದ ಕಲ್ಲುಬಾನಿಗೆ ಸುರಿದೆ. ಅವಳು ಹೊರಗೆ ಬರಲಿಲ್ಲ. ಆಡುಗಳು ಕುಡಿದವು.