ಬಂಗಡೆಯ ವಾಸನೆಯ ಗೆಜ್ಜೆ

ಅಂಟುವಾಳಕಾಯಿಯ ನೊರೆಗೆ ಅರೆಕಹಿಯಾದರೂ ಹಿತವಾದ ಒಂದು ವಾಸನೆಯಿದೆ. ಅಪ್ಪನ ತಂಗಿ ಸುಶೀಲತ್ತೆ ಮೊನ್ನೆ ಮುಟ್ಟಳ್ಳಿಯಿಂದ ಬಂದವಳು ತನ್ನ ಮದುವೆಯ ಬೆಳ್ಳಿಗೆಜ್ಜೆಯನ್ನು ನನ್ನ ಮಗಳ ಕೈಗಿಟ್ಟು ಹೋದಳು. ಕಪ್ಪಾಗಿದ್ದ ಅದನ್ನು ತೊಳೆಯಲೆಂದು ಅಂಟುವಾಳ ನೆನೆಸಿ ಕಿವುಚಿದ್ದೇ ತಡ, ಕುಮಟೆಯ ಶೇಟರ ಬೆಳ್ಳಿ ಅಂಗಡಿ, ಹೊನ್ನಾವರದ ನಮ್ಮ ಮನೆ, ಮೀನುಬುಟ್ಟಿ ಇಳಿಸಿ ಜಗುಲಿಯಲ್ಲಿ ಕಾಲು ಚಾಚುತ್ತಿದ್ದ ಅಜ್ಜಿ, ಎಲ್ಲ ಒಟ್ಟಿಗೇ ಬಂದುಬಿಟ್ಟವು. ಆ ಮನೆ ಈಗಿಲ್ಲ, ರಸ್ತೆ ಅಗಲವಾಗುವಾಗ ಹೋಯಿತು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದಳು. ನಿಮಗೂ ಇಂಥದೊಂದು ವಾಸನೆ ಇದ್ದೀತು.

ಅತ್ತೆಯ ಮದುವೆ ಗೊತ್ತಾದಾಗ ಅಪ್ಪ ಭಟ್ಕಳದ ಸಂತೆಯಿಂದ ಫಳಫಳ ಹೊಳೆಯುವ ಗೆಜ್ಜೆ ತಂದಿದ್ದ. ಆಸೆ ತಡೆಯಲಾರದೆ ಅತ್ತೆ ಅಂದೇ ಹಾಕಿಕೊಂಡಳು. ಕೆಲವೇ ದಿನಗಳಲ್ಲಿ ಕಾಲಿನ ಸುತ್ತ ಹಸಿರು ಗೆರೆ. ಗಂಡನ ಮನೆಯ ಹೊಸ್ತಿಲಲ್ಲಿ ಕಾಲಿಗೆ ನೀರು ಹಾಕುವಾಗ ನಾಲ್ಕು ಜನ ನೋಡುತ್ತಾರಲ್ಲ ಎಂದು ಅವಳು ಊಟ ಬಿಟ್ಟು ಕೂತಳು. “ಅಳ್ಬೇಡ, ಕುಮ್ಟೆಗೆ ಹೋಗಿ ನಾನೇ ತಕಂಬತ್ತೆ,” ಎಂದಳು ಅಜ್ಜಿ.

ಅಜ್ಜಿಗೆ ಬೆಳ್ಳಿ ನೋಡುವ ಕ್ರಮ ಗೊತ್ತಿತ್ತು. ಮೈಯ ಹೊಳಪಿಗೆ ಮರುಳಾಗದೆ ಕೊಂಡಿಯ ಒಳಮಗ್ಗುಲು ನೋಡಬೇಕು. ಬೆರಕೆಯಿದ್ದರೆ ಮೊದಲು ಬಣ್ಣ ಬಿಡುವುದು ಅಲ್ಲೇ. ಆಮೇಲೆ ಅಂಗೈಯಲ್ಲಿಟ್ಟು ಬಿಸಿಯಾಗುವಷ್ಟು ತಿಕ್ಕಿ, ಕೈ ಮೂಸಬೇಕು. ಹಿತ್ತಾಳೆ, ತಾಮ್ರ ವಾಸನೆ ಹತ್ತಿಸುತ್ತವೆ, ಒಳ್ಳೆಯ ಬೆಳ್ಳಿ ಏನನ್ನೂ ಉಳಿಸುವುದಿಲ್ಲ. ತೊಂದರೆಯೆಂದರೆ, ಬುದ್ಧಿ ಬಂದಾಗಿನಿಂದ ಬಂಗಡೆ ಮೀನು ಮಾರಿದ ಅಜ್ಜಿಯ ಅಂಗೈಗೆ ತನ್ನದೇ ವಾಸನೆಯಿತ್ತು. ಅದು ಹುಣಸೆಹಣ್ಣಿಗೂ ಬೂದಿಗೂ ಬಗ್ಗುತ್ತಿರಲಿಲ್ಲ. ಹಾಗಾಗಿ ಬೆಳ್ಳಿ ಕೊಳ್ಳಲು ಹೋಗುವಾಗೆಲ್ಲ ನಾನು ಬೇಕು, ನನ್ನ ಕೈ ಬೇಕು, ನನ್ನ ಮೂಗು ಬೇಕು. ಆ ಹುದ್ದೆಯ ಜಂಬ ನನಗೇನೂ ಕಡಿಮೆಯಿರಲಿಲ್ಲ.

ಅಂದು ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬೀಳಬಾರದೆಂದು ಕುಮಟೆಯವರೆಗೂ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದೆ. ಶೇಟರು ತಾವೇ ಮಾಡಿದ ಗೆಜ್ಜೆಯನ್ನು ಮುಂದಿಟ್ಟರು. ಅಜ್ಜಿ ಕೊಂಡಿ ನೋಡಿ, ತಲೆಯಾಡಿಸಿ, ನನಗೆ ದಾಟಿಸಿದಳು. ತಿಕ್ಕಿದೆ, ಮೂಸಿದೆ.

“ಎಂತ ವಾಸ್ನೆ ಬತ್ತದೆ ಮಗಾ?”

“ಬಂಗಡೆದು!”

ಅಜ್ಜಿಯ ಮುಖ ಸಣ್ಣದಾಯಿತು. ಶೇಟರು ಮಾತ್ರ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬೆಳ್ಳಿಗೆ ತಾಮ್ರ ಹಾಕುವವ್ರಿದ್ರು ಅಮ್ಮಾ, ಬಂಗಡೆ ಹಾಕುವವ್ರನ್ನ ನಾ ಕಾಣ್ಲಿಲ್ಲ,” ಎಂದು, ಒಡವೆ ತೊಳೆಯಲು ಇಟ್ಟಿದ್ದ ಅಂಟುವಾಳದ ನೀರನ್ನು ನನ್ನ ಕೈಗೆ ಹುಯ್ದರು. ಅಜ್ಜಿಯೂ ಸಂಕೋಚದಿಂದ ತನ್ನ ಕೈ ಒಡ್ಡಿದಳು. ಕೈ ಒರೆಸಿಕೊಂಡು ಮತ್ತೆ ತಿಕ್ಕಿ ಮೂಸಿದೆ.

“ಎಂತದೂ ಇಲ್ಲ ಅಜ್ಜಿ.”

“ಆತು, ಹಂಗಾರೆ ಇದೇ ಇರ್ಲಿ.”

ಮದುವೆಯ ದಿನ ಅತ್ತೆ ಆ ಹೊಸ್ತಿಲಲ್ಲಿ ಸೀರೆಯನ್ನು ಬೇಕೆಂದೇ ತುಸು ಮೇಲೆತ್ತಿ ನಿಂತಳು. ಅವಳ ಜೊತೆ ಹೋಗಿದ್ದ ನಾನು ಮನೆಗೆ ಬಂದು ಹೇಳಿದಾಗ ಅಜ್ಜಿ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಅಷ್ಟು ಖುಷಿಯಾಗಿ ಅವಳು ನಕ್ಕದ್ದನ್ನು ನಾನು ಹೆಚ್ಚು ಕಂಡಿಲ್ಲ.

ಈಗ ಗೆಜ್ಜೆ ಬೆಳ್ಳಗಾಗಿದೆ. ಒಳ್ಳೆಯ ನೀರಲ್ಲಿ ಕೈ ತೊಳೆದು, ಒರೆಸಿ, ಅಂಗೈಯಲ್ಲಿಟ್ಟು ತಿಕ್ಕಿದೆ. ಅಂಗಡಿಯಲ್ಲಿ ಹಾಲ್‌ಮಾರ್ಕ್ ನೋಡಿ ಕೊಳ್ಳುವ ಮಗಳಿಗೆ ನಾನು ಕೈ ಮೂಸುವುದನ್ನು ಕಂಡು ತಮಾಷೆ.

“ಎಂತ ವಾಸ್ನೆ ಅಮ್ಮಾ?”

ಇನ್ನೊಮ್ಮೆ ಮೂಸಿದೆ. ಅಜ್ಜಿ ಆರಿಸಿದ್ದು ಅಪ್ಪಟ ಬೆಳ್ಳಿ. ಬಂಗಡೆಯ ವಾಸನೆ ಒಂದಿಷ್ಟಾದರೂ ಉಳಿದಿರಬಾರದಿತ್ತೇ ಅನ್ನಿಸಿತು.

“ಎಂತದೂ ಇಲ್ಲ,” ಎಂದೆ.