ಓಣಿ ದಾಟುತ್ತಿದ್ದ ಲೈಟಿನ ಸರ

ಸಿಂದಗಿಯಲ್ಲಿ ನಮ್ಮ ಓಣಿ ಎಷ್ಟು ಸಣ್ಣದೆಂದರೆ ಎದುರು ಮನೆಯಲ್ಲಿ ಒಗ್ಗರಣೆ ಬಿದ್ದರೆ ಸೀನು ನಮಗೆ. ಆ ಮನೆಯ ಚಾಚಾ ಎರಡೂ ಮಾಳಿಗೆಗಳಿಗೆ ಮೊಳೆ ಹೊಡೆದು ಓಣಿಗೆ ಅಡ್ಡಲಾಗಿ ಒಂದು ಲೈಟಿನ ಸರ ಕಟ್ಟಿದ್ದರು. ವರ್ಷವಿಡೀ ಅದು ಅಲ್ಲೇ ಇರುತ್ತಿತ್ತು. ರಮಜಾನಿಗೆ ಅದಕ್ಕೆ ನಮ್ಮ ಮನೆಯ ಕರೆಂಟು, ದೀಪಾವಳಿಗೆ ಅವರ ಮನೆಯದು. "ಹಬ್ಬ ನಿಮ್ದು, ಸ್ವಿಚ್ ನಮ್ದು" ಎಂದು ಚಾಚಾ ಅವ್ವನನ್ನು ಕಾಡಿಸುತ್ತಿದ್ದರು. ದೀಪಾವಳಿ ಸಂಜೆ ಅವ್ವ ಬಾಗಿಲಲ್ಲಿ ಮೊದಲ ಹಣತೆ ಇಟ್ಟು "ಅಕ್ಕಾ, ಹಚ್ಚ ಬೇ!" ಎಂದು ಕೂಗಬೇಕು, ಚಾಚಿ ಒಳಗಿನಿಂದ ಸ್ವಿಚ್ ಒತ್ತಬೇಕು. ಅದು ನಮ್ಮ ಹಬ್ಬದ ಶಾಸ್ತ್ರವೇ ಆಗಿಹೋಗಿತ್ತು.

ಹೋದ ದೀಪಾವಳಿಗೆ ಸ್ವಲ್ಪ ಮುಂಚೆ ಚಾಚಾ ತೀರಿಕೊಂಡರು. ಗಂಡ ಹೋದ ಮೇಲೆ ಅವರಲ್ಲಿ ಹೆಂಗಸರು ಕೆಲವು ತಿಂಗಳು ಹೊಸ್ತಿಲು ದಾಟುವುದಿಲ್ಲ, ಇದ್ದತ್ ಎನ್ನುತ್ತಾರೆ. ಚಾಚಿ ಓಣಿಯ ಕಡೆಯ ಕಿಟಕಿಗೂ ದಪ್ಪ ಪರದೆ ಎಳೆದು ಒಳಗೆ ಕೂತರು.

ಅದೇ ಹೊತ್ತಿಗೆ ಪುರಸಭೆಯ ಆಟೋ ಮೈಕು ಹಚ್ಚಿಕೊಂಡು ದೊಡ್ಡ ರಸ್ತೆಯಲ್ಲಿ ಹಾದುಹೋಯಿತು. ಲೈಟಿನ ಸರ ಅವರವರ ಗೋಡೆಗಷ್ಟೇ, ಕರೆಂಟು ಅವರವರ ಮೀಟರಿನದೇ, ರಸ್ತೆಗೆ ಅಡ್ಡ ಯಾವ ವೈರೂ ಇರಕೂಡದು. ತುಂಬಿ ಹರಿಯುವ ಗಟಾರ ಕಾಣದವರಿಗೆ ನಮ್ಮ ಸರ ಹೇಗೆ ಕಂಡಿತೋ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಬೇರೊಂದು ಓಣಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಇಂಥದೇ ಸರ ಸಿಕ್ಕು ಒಬ್ಬನಿಗೆ ಕರೆಂಟು ಹೊಡೆದಿತ್ತು. ನಿಯಮ ತಪ್ಪೆನ್ನಲು ಬಾಯಿ ಬರಲಿಲ್ಲ, ಅದೇ ಸಂಕಟ.

"ಇದೊಂದ್ ಹಬ್ಬ ಬಿಡ್ರಿ" ಎಂದಳು ಅವ್ವ, ಸರ ತೆಗೆಯಲು ಬಂದ ಪುರಸಭೆಯವನಿಗೆ.

"ಎಲ್ಲಾರಿಗೂ ಒಂದ ಕಾನೂನ್ರಿ ಯವ್ವಾ" ಎಂದವನು ಸರ ಬಿಚ್ಚಿ, ನೀಟಾಗಿ ಸುತ್ತಿ, ಅವಳ ಕೈಗಿಟ್ಟ.

ಚಾಚಿಗೆ ಹೇಳಿಬಿಡು ಎಂದೆ ನಾನು.

"ಗಂಡ ಹೋಗ್ಯಾರ, ಅವ್ರು ಕಟ್ಟಿದ ಸರಾನೂ ಹೋತು ಅಂತ ಯಾವ ಬಾಯಿಲೆ ಹೇಳ್ಲಿ?"

ದಿನಾ ರೊಟ್ಟಿ ಕೊಡಲು ಅಲ್ಲಿಗೆ ಹೋಗುತ್ತಿದ್ದವಳು ದಿನಾ ಹೇಳದೆಯೇ ವಾಪಸು ಬಂದಳು.

ಹಬ್ಬದ ದಿನ ಅದೇ ಸರವನ್ನು ನಮ್ಮ ಗೋಡೆಗೆ ಕಟ್ಟಿದೆ. ಸಂಜೆ ಅವ್ವ ಹಣತೆ ಹಚ್ಚಿಟ್ಟಳು, ಕೂಗಲಿಲ್ಲ. ಎದುರು ಮನೆಯತ್ತ ಮುಖ ಎತ್ತುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಪರದೆಯ ಹಿಂದಿನಿಂದ ಚಾಚಿಯ ದನಿ ಬಂತು.

"ಯಾಕ ತಂಗಿ, ಕೂಗಲೇ ಇಲ್ಲ? ಕಾದೂ ಕಾದೂ ನಾನ ಸ್ವಿಚ್ ಹಾಕೇನಿ. ಹತ್ತಿತೇನ ಬೇ?"

ನಾನು ಒಳಗೆ ಓಡಿ ನಮ್ಮ ಮನೆಯ ಸ್ವಿಚ್ ಒತ್ತಿದೆ.

"ಹತ್ತೈತಿ ಅಕ್ಕಾ" ಎಂದಳು ಅವ್ವ. "ಭಾಳ ಚಂದ ಹತ್ತೈತಿ."

"ಹತ್ತದ ಏನ್ ಮಾಡ್ತೈತಿ? ಅವ್ರು ಕಟ್ಟಿದ್ದಲ್ಲೇನ."

ಎದುರು ಮಾಳಿಗೆಯಲ್ಲಿ ಬರಿಯ ಮೊಳೆ ಇತ್ತು. ಅವ್ವ ಎಣ್ಣೆಯ ಗಿಂಡಿ ಹಿಡಿದುಕೊಂಡೇ ಅತ್ತಳು, ಓಣಿಯಾಚೆಗೆ ಕೇಳಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡು.