ಅಂಕಲಿಯ ಆದರ್ಶ ಅತ್ತೆ

ಮನುಷ್ಯರು ತಲೆಮಾರಿನಿಂದ ತಲೆಮಾರಿಗೆ ಒಳ್ಳೆಯವರಾಗುತ್ತ ಹೊರಟಿದ್ದಾರೆ ಎಂದು ಅಂಕಲಿಯ ಕಸ್ತೂರೆವ್ವ ಗಟ್ಟಿಯಾಗಿ ನಂಬಿದ್ದಳು. ಟಿವಿಯವರು ಬಾಂಬು, ಗಲಭೆ ಎಂದು ಏನೇ ತೋರಿಸಲಿ, ಆ ನಂಬಿಕೆ ಅಲುಗುತ್ತಿರಲಿಲ್ಲ. ಅದಕ್ಕೆ ಸಾಕ್ಷಿ ಮನೆಯಲ್ಲೇ ಇತ್ತು. ಸಾಕ್ಷಿ ಸ್ವತಃ ಕಸ್ತೂರೆವ್ವನೇ.

"ನಮ್ಮ ಅತ್ತಿ ಸೋನಾಬಾಯಿ..." ಎಂದು ಅವಳು ಸುರು ಮಾಡಿದಳೆಂದರೆ ಕಟ್ಟೆಯ ಮೇಲೆ ಕೂತವರು ಎದ್ದು ಹೋಗುವ ಆಸೆ ಬಿಡಬೇಕಿತ್ತು. "ನಸಿಕಿನ್ಯಾಗ ಕೃಷ್ಣಾ ಹೊಳಿಂದ ಎರಡೆರಡ ಕೊಡ ನೀರ ಹೊರಸ್ತಿದ್ಳು. ಗಂಡಸರು ಉಂಡು, ಅಕಿ ಉಂಡು, ನಾಯಿಗೆ ಹಾಕಿ, ಉಳದ್ರ ನನಗ. ಈಗ ನಮ್ಮ ರುಕ್ಮವ್ವನ್ನ ಕೇಳ್ರಿ. ನಾಯಿಗಿಂತ ಮೊದಲ ಉಣತಾಳ!"

ಸುಳ್ಳಲ್ಲ. ಸೊಸೆ ರುಕ್ಮವ್ವ ನಾಯಿಗಿಂತ ಮೊದಲೇ ಉಣ್ಣುತ್ತಿದ್ದಳು. ನೀರಿಗೆ ಹೊಳೆಗೆ ಹೋಗುತ್ತಿರಲಿಲ್ಲ, ಓಣಿಯ ನಳಕ್ಕೆ ಹೋಗುತ್ತಿದ್ದಳು, ದಿನಕ್ಕೆ ಹತ್ತು ಕೊಡ. ಸೋನಾಬಾಯಿ ಸೊಸೆಯನ್ನು ಸೌಟಿನಿಂದ ಬಡಿಯುತ್ತಿದ್ದಳು. ಕಸ್ತೂರೆವ್ವ ಬರೀ ಬಾಯಿಂದ ಬೈಯುತ್ತಿದ್ದಳು. ಆ ಬಾಯಿಗಿಂತ ಸೌಟೇ ವಾಸಿ ಎಂದು ರುಕ್ಮವ್ವನಿಗೆ ಅನಿಸಿದ್ದರೆ ಅದನ್ನವಳು ಯಾರ ಮುಂದೂ ಆಡಿರಲಿಲ್ಲ.

ಒಂದು ಸಂಗತಿ ಹೇಳುವಾಗ ಮಾತ್ರ ಕಸ್ತೂರೆವ್ವನ ದನಿ ಇಳಿಯುತ್ತಿತ್ತು. ಮದುವೆಯಾದ ಮೊದಲ ನಾಗರಪಂಚಮಿ. ಲಗ್ನವಾದ ಹೆಣ್ಣುಮಕ್ಕಳು ತವರಿಗೆ ಹೋಗಿ ಜೋಕಾಲಿ ಜೀಕಿ, ಉಂಡಿ ತಿಂದು, ನಾಲ್ಕು ದಿನ ತಲೆ ಮೇಲಿನ ಸೆರಗು ಇಳಿಸಿ ಓಡಾಡುವ ಹಬ್ಬ. ಅಥಣಿಯಿಂದ ಅಣ್ಣ ಎತ್ತಿನ ಬಂಡಿ ಹೂಡಿಕೊಂಡು ಕರೆಯಲು ಬಂದಿದ್ದ. ಸೋನಾಬಾಯಿ ಅವನಿಗೆ ಒಂದು ತಂಬಿಗೆ ನೀರೂ ಕೊಡದೆ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದಳು. ಆಗ ಕಸ್ತೂರೆವ್ವನಿಗೆ ಹದಿನಾಲ್ಕು ವರ್ಷ. ಬಂಡಿ ಓಣಿ ದಾಟಿ ಮರೆಯಾಗುವತನಕ ಕಿಟಕಿಯ ಸರಳು ಹಿಡಿದು ನಿಂತಿದ್ದಳಂತೆ. ಮುಂದೆ ತನ್ನ ಸೊಸೆಯನ್ನು ಪ್ರತಿ ಪಂಚಮಿಗೂ ತವರಿಗೆ ಕಳಿಸುವುದಾಗಿ ಅಂದೇ ಆಣೆ ಮಾಡಿದ್ದಳು. ಕಳಿಸುತ್ತಲೂ ಇದ್ದಳು. ಅದೊಂದು ವಿಷಯದಲ್ಲಿ ಅವಳನ್ನು ಆಡಿಕೊಳ್ಳಲು ನನಗೂ ಮನಸ್ಸು ಬರುವುದಿಲ್ಲ.

ಅಂಥವಳ ಪುಣ್ಯಕ್ಕೆ ತೊಂಬತ್ಮೂರರ ಶ್ರಾವಣದಲ್ಲಿ ಊರಿನ ಮಹಿಳಾ ಮಂಡಳ 'ಆದರ್ಶ ಅತ್ತೆ' ಎಂದೊಂದು ಸನ್ಮಾನ ಇಟ್ಟುಕೊಂಡಿತು. ಕಸ್ತೂರೆವ್ವನ ಹೆಸರು ಸೂಚಿಸಿದವಳು ಕಸ್ತೂರೆವ್ವ, ಅನುಮೋದಿಸಿದವಳೂ ಕಸ್ತೂರೆವ್ವ. ಮಂಡಳದ ಅಧ್ಯಕ್ಷೆ, ಕಿರಾಣಿ ಅಂಗಡಿಯ ತಾರಾಬಾಯಿ ಒಂದೇ ಒಂದು ಷರತ್ತು ಹಾಕಿದಳು.

"ಬೆಳಗಾಂವಿಂದ ಆಫೀಸರ್ ಬಾಯಾರು ಬರಾವ್ರ ಅದಾರ್ರಿ. ನಿಮ್ಮ ಸೊಸಿ ಸ್ಟೇಜ್ ಹತ್ತಿ ನಿಮ್ಮ ಬಗ್ಗೆ ನಾಕ ಮಾತ ಹೇಳಬೇಕು. ಸೊಸಿ ಹೇಳದಿದ್ರ ಸನ್ಮಾನ ಇಲ್ಲ."

"ಹೇಳತಾಳ ತಗೋರಿ. ಹೇಳಾಕ ಅಕಿಗೇನ ಕಡಿಮಿ ಮಾಡೇನಿ?"

ಆಫೀಸರ್ ಬಾಯಾರಿಗೆ ಬಿಡುವು ಸಿಕ್ಕಿದ್ದು ಪಂಚಮಿಯ ಮರುದಿನ. ಹಬ್ಬದ ಹಿಂದಿನ ದಿನ ಅಕ್ಕೋಳದಿಂದ ರುಕ್ಮವ್ವನ ಅಣ್ಣ ಸಿದರಾಯ ಮೋಟಾರ್ ಸೈಕಲ್ ಮೇಲೆ ಬಂದ. ರುಕ್ಮವ್ವ ಆಗಲೇ ಚೀಲ ತುಂಬಿ, ಹೊಸ ಸೀರೆ ಉಟ್ಟು ನಿಂತಿದ್ದಳು.

"ಈ ಒಂದ ವರ್ಷ ಬ್ಯಾಡ ತಮ್ಮಾ," ಎಂದಳು ಕಸ್ತೂರೆವ್ವ. "ನಾಡದು ಸಭಾ ಐತಿ. ನಮ್ಮ ಅತ್ತಿ ಪಂಚಮಿಗೆ ತಪ್ಪದ ತವರಿಗೆ ಕಳಸ್ತಾರ ಅಂತ ರುಕ್ಮವ್ವ ಎಲ್ಲಾರ ಮುಂದ ಹೇಳಬೇಕಾಗೇತಿ. ಅಕಿ ನಿಮ್ಮೂರಾಗ ಕುಂತ್ರ ಇಲ್ಲಿ ಹೇಳಾವ್ರ ಯಾರು?"

ಸಿದರಾಯ ತಂಗಿಯ ಮುಖ ನೋಡಿದ. ತಂಗಿ ನೆಲ ನೋಡಿದಳು. ತಂಗಿಯ ಅತ್ತೆಗೆ ಎದುರಾಡಲು ಆ ಸೀಮೆಯಲ್ಲಿ ಯಾವ ಅಣ್ಣನಿಗೂ ಬಾಯಿ ಬರುವುದಿಲ್ಲ. ಕಸ್ತೂರೆವ್ವ ಅವನಿಗೆ ಎರಡು ಸಲ ಚಹಾ ಕುಡಿಸಿದಳು, ಬೇಡವೆಂದರೂ ಖಾರಿ ಬಿಸ್ಕೀಟು ತಿನ್ನಿಸಿದಳು. ಒಂದೇ ತಲೆಮಾರಿನಲ್ಲಿ ಸಮಾಜ ಎಷ್ಟು ಮುಂದೆ ಬಂದಿತ್ತು ನೋಡಿ: ಆಗ ಅಣ್ಣಂದಿರನ್ನು ನೀರಿಲ್ಲದೆ ವಾಪಸ್ ಕಳಿಸುತ್ತಿದ್ದರು, ಈಗ ಚಹಾ ಕುಡಿಸಿ ಕಳಿಸುತ್ತಿದ್ದರು. ರುಕ್ಮವ್ವ ಒಳಗೆ ಹೋಗಿ ಚೀಲದಿಂದ ಸೀರೆ ಒಂದೊಂದಾಗಿ ತೆಗೆದು ಮತ್ತೆ ಟ್ರಂಕಿನಲ್ಲಿಟ್ಟಳು. ಆಮೇಲೆ ಸಂಜೆಯ ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಸಭೆಯ ದಿನ ಶಾಲೆಯ ಅಂಗಳ ತುಂಬಿ ತುಳುಕಿತು. ಕೂತವರಲ್ಲಿ ಅರ್ಧ ಜನ ಊರ ಅತ್ತೆಯರು, ಇನ್ನರ್ಧ ಹಬ್ಬಕ್ಕೆಂದು ತವರಿಗೆ ಬಂದ ಊರ ಹೆಣ್ಣುಮಕ್ಕಳು. ಊರ ಸೊಸೆಯರೆಲ್ಲ ಅವರವರ ತವರಿಗೆ ಹೋಗಿದ್ದರು. ಇಡೀ ಅಂಕಲಿಯಲ್ಲಿ ಅಂದು ಉಳಿದಿದ್ದ ಸೊಸೆ ಒಬ್ಬಳೇ, ಆದರ್ಶ ಅತ್ತೆಯ ಸೊಸೆ.

ಬಾಯಾರು ಶಾಲು ಹೊದಿಸಿದರು. ಕಸ್ತೂರೆವ್ವ ಶಾಲಿನೊಳಗೇ ಬೆವರುತ್ತ, ಎಡಕ್ಕೆ ಬಲಕ್ಕೆ ನಗುತ್ತ ಕೂತಳು. ರುಕ್ಮವ್ವ ಮೈಕಿನ ಮುಂದೆ ಬಂದು ನಿಂತು, ಮೂರು ದಿನ ಕಲಿಸಿದ್ದನ್ನು ಒಪ್ಪಿಸಿದಳು.

"ನಮ್ಮ ಅತ್ತಿ ನನ್ನ ಮ್ಯಾಲ ಎಂದೂ ಕೈ ಎತ್ತಿಲ್ರಿ. ಹೊತ್ತಿಗೆ ಸರಿಯಾಗಿ ಉಣ್ಣಾಕ ಹಾಕತಾರ್ರಿ. ಪ್ರತಿ ಪಂಚಮಿಗೂ ತಪ್ಪದ ತವರಿಗೆ ಕಳಸ್ತಾರ್ರಿ."

ಚಪ್ಪಾಳೆ ಸುರುವಾಗುವಷ್ಟರಲ್ಲಿ ಹೆಣ್ಣುಮಕ್ಕಳ ಗುಂಪಿನಿಂದ ರಾಯಬಾಗಕ್ಕೆ ಕೊಟ್ಟಿದ್ದ ಅಕ್ಕುತಾಯಿ ಎದ್ದಳು. ಮೊದಲಿಂದಲೂ ಅವಳ ನಾಲಿಗೆಗೆ ಮೂಗುದಾರವಿಲ್ಲ. "ಮತ್ತ ಈ ಪಂಚಮಿಗೆ ಯಾಕ ಹೋಗಿಲ್ಲ ನೀ?"

ಇದಕ್ಕೆ ಉತ್ತರವನ್ನು ಯಾರೂ ಕಲಿಸಿರಲಿಲ್ಲ. ರುಕ್ಮವ್ವ ಇದ್ದದ್ದನ್ನೇ ಹೇಳಿದಳು. "ಪಂಚಮಿಗೆ ಕಳಸ್ತಾರ ಅಂತ ಹೇಳಾಕ ಇಟಗೊಂಡಾರ್ರಿ."

ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಬೆಳಗಾವಿಯ ಬಾಯಾರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು. ತಾರಾಬಾಯಿ ಗಡಬಡಿಸಿ ವಂದನಾರ್ಪಣೆ ಮಾಡಿಬಿಟ್ಟಳು.

ಅತ್ತೆ, ಸೊಸೆ ಮನೆ ಮುಟ್ಟಿದರು. ಬೈಗುಳಕ್ಕಾಗಿ ಕಾಯುತ್ತ ರುಕ್ಮವ್ವ ಒಲೆ ಹಚ್ಚಿದಳು. ಕಸ್ತೂರೆವ್ವ ಶಾಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕೊನೆಗೆ, "ನಾಳೆ ನಿಮ್ಮೂರಿಗೆ ಹೋಗು. ಎಂಟ ದಿನ ಇದ್ದ ಬಾ," ಎಂದಳು.

"ಹಬ್ಬ ಮುಗೀತಲ್ರಿ. ಈಗ ಹೋಗಿ ಏನ ಮಾಡ್ಲಿ?" ರುಕ್ಮವ್ವ ಒಲೆಯಿಂದ ಮುಖ ತಿರುಗಿಸದೆ ಹೇಳಿದಳು. "ಮುಂದ ನನಗೂ ಸೊಸಿ ಬರತಾಳ್ರಿ ಅತ್ತಿ. ಅಕಿನ್ನ ಮಾತ್ರ ನಾ ಹಬ್ಬದಾಗ ಎಂದೂ ಇಟಗೊಳ್ಳಾಂಗಿಲ್ಲ."

ಕಸ್ತೂರೆವ್ವ ಕೈಯಲ್ಲಿದ್ದ ಶಾಲನ್ನು ಕೆಳಗಿಟ್ಟಳು. ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತು ವರ್ಷ ತಾನೇ ಆಡಿದ ದನಿ ಅದು. ಲೋಕ ಒಳ್ಳೆಯದಾಗುತ್ತಲೇ ಇತ್ತು, ನಿಲ್ಲುವ ಲಕ್ಷಣವಿರಲಿಲ್ಲ. ಮುಂದೊಂದು ದಿನ ಅದೇ ಕಟ್ಟೆಯ ಮೇಲೆ ಕೂತು ರುಕ್ಮವ್ವ "ನಮ್ಮ ಅತ್ತಿ ಕಸ್ತೂರೆವ್ವ..." ಎಂದು ಸುರು ಮಾಡುತ್ತಾಳೆ, ಕೂತವರೆಲ್ಲ ಲೊಚಗುಟ್ಟುತ್ತಾರೆ.

ಒಲೆಯ ಹತ್ತಿರ ಬಂದು ಕೂತು, ಮೆಲ್ಲಗೆ, ಜನ್ಮದಲ್ಲಿ ಮೊದಲ ಸಲ, ಕಸ್ತೂರೆವ್ವ ಹೇಳಿದಳು:

"ನಮ್ಮ ಅತ್ತಿನೂ ಅಷ್ಟೇನ ಕೆಟ್ಟಾಕಿ ಇದ್ದಿದ್ದಿಲ್ಲ ರುಕ್ಮವ್ವಾ. ಅಕಿಗೆ ಅಕಿ ಅತ್ತಿ ಕಬ್ಬಿಣ ಕಾಸಿ ಕೈಮ್ಯಾಲ ಬರಿ ಎಳದಿದ್ಳು. ನನಗ ಅಕಿ ಒಂದ ದಿನಾನೂ ಬರಿ ಎಳೀಲಿಲ್ಲ."